ಹ್ಯಾಚರಿಯ ಹೇಂಟೆ ಕಾವಿಗೆ ಏಕೆ ಕೂರಲಿಲ್ಲ?

ಪ್ರಶ್ನೆ: ತಿಪಟೂರಿನ ಬಳಿ ನಮಗೆ ಎರಡು ಎಕರೆ ತೆಂಗಿನ ತೋಟವಿದೆ. ಎರಡು ವರ್ಷದ ಹಿಂದೆ ಹ್ಯಾಚರಿಯೊಂದರ ಏಜೆಂಟರಿಂದ ‘ನಾಟಿ ಮರಿ’ ಎಂದು 60 ಮರಿಗಳನ್ನು ತಂದು ಸಾಕಿದೆವು. ಚೆನ್ನಾಗಿಯೇ ಬೆಳೆದವು, ಮೊಟ್ಟೆಯನ್ನೂ ಇಟ್ಟವು. ಆದರೆ ಒಂದು ಹೇಂಟೆಯೂ ಕಾವಿಗೆ ಕೂರಲಿಲ್ಲ. ಈಗ ಕೋಲಾರದ ಕಡೆ ಒಬ್ಬರು ಬಹಳ ವರ್ಷಗಳಿಂದ ಅಸೀಲ್ ತಳಿಯನ್ನೇ ಸಾಕುತ್ತಿದ್ದಾರೆಂದು ತಿಳಿದು ವಿಚಾರಿಸಿದರೆ, ಒಂದು ಮರಿಗೆ ಹ್ಯಾಚರಿ ಮರಿಯ ಹತ್ತು ಪಟ್ಟು ಬೆಲೆ ಹೇಳುತ್ತಿದ್ದಾರೆ. ಎರಡೂ ಕೋಳಿಯೇ ತಾನೆ, ಇಷ್ಟೊಂದು ವ್ಯತ್ಯಾಸ ಏಕೆ? ಈ ಬಾರಿ ನಾವು ಎಲ್ಲಿಂದ ಮರಿ ತರುವುದು ಒಳ್ಳೆಯದು?

ಉತ್ತರ: ನಿಮ್ಮ ಹೇಂಟೆಗಳು ಕಾವಿಗೆ ಕೂರದಿದ್ದುದಕ್ಕೆ ನಿಮ್ಮ ಸಾಕಣೆಯಾಗಲಿ, ಹಾಕಿದ ಮೇವಾಗಲಿ, ತೋಟವಾಗಲಿ ಕಾರಣವಲ್ಲ. ಮರಿಗಳು ನಿಮ್ಮ ಮನೆಗೆ ಬರುವ ಮೊದಲೇ, ಅವುಗಳ ಅಜ್ಜಿ ಮುತ್ತಜ್ಜಿಯರ ಕಾಲದಲ್ಲೇ ಆ ಗುಣ ಕಳೆದುಹೋಗಿತ್ತು. ಅದು ಹೇಗೆ ಕಳೆಯಿತು ಎಂಬುದನ್ನು ಅರ್ಥಮಾಡಿಕೊಂಡರೆ ನಿಮ್ಮ ಪ್ರಶ್ನೆಯ ಉಳಿದ ಭಾಗಕ್ಕೂ ಬಹುಮಟ್ಟಿಗೆ ಉತ್ತರ ಸಿಗುತ್ತದೆ. ಆದ್ದರಿಂದ ಅಲ್ಲಿಂದಲೇ ಆರಂಭಿಸುತ್ತೇನೆ.

ಊರಿನ ನಾಟಿ ಹೇಂಟೆ ಒಂದು ಸರದಿಗೆ 12ರಿಂದ 15 ಮೊಟ್ಟೆ ಇಡುತ್ತದೆ. ಆಮೇಲೆ ಅದರ ದೇಹದಲ್ಲಿ ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನು ಹೆಚ್ಚಾಗಿ, ಅಂಡಾಶಯ ಕುಗ್ಗಿ, ಮೊಟ್ಟೆ ನಿಂತು, ಅದು ಗೂಡು ಬಿಟ್ಟು ಏಳದೆ ಕಾವಿಗೆ ಕೂರುತ್ತದೆ. ಕಾವು 21 ದಿನ. ಮರಿ ಒಡೆದ ಮೇಲೆ ಆರರಿಂದ ಎಂಟು ವಾರ ಅದು ಮರಿಗಳ ಹಿಂದೆಯೇ ಇರುತ್ತದೆ. ಹೀಗೆ ವರ್ಷಕ್ಕೆ ಮೂರು ನಾಲ್ಕು ಸರದಿ, ಒಟ್ಟು 50ರಿಂದ 60 ಮೊಟ್ಟೆ. ನಮ್ಮ ಮನೆಯಲ್ಲಿ ಅಜ್ಜಿ ಮಂಕರಿಗೆ ಹುಲ್ಲು ಹಾಸಿ, ಮೊಟ್ಟೆಗಳನ್ನು ಜೋಡಿಸಿ, ಗುಡುಗಿಗೆ ಕೆಡಬಾರದೆಂದು ಪಕ್ಕದಲ್ಲಿ ಒಂದು ಕಬ್ಬಿಣದ ಚೂರು ಇಟ್ಟು ಹೇಂಟೆಯನ್ನು ಕೂರಿಸುತ್ತಿದ್ದುದು ನನಗೆ ಚೆನ್ನಾಗಿ ನೆನಪಿದೆ. ಆ ಮನೆಗೆ ಮರಿಯನ್ನು ಹೊರಗಿನಿಂದ ಕೊಂಡು ತರುವ ಅಗತ್ಯವೇ ಇರಲಿಲ್ಲ. ಅಲ್ಲಿ ಕಾವಿಗೆ ಕೂರದ ಹೇಂಟೆಗೆ ಸಂತಾನವೇ ಉಳಿಯುತ್ತಿರಲಿಲ್ಲ. ಹಾಗಾಗಿ ಆ ಗುಣ ತಲೆಮಾರಿನಿಂದ ತಲೆಮಾರಿಗೆ ತಾನಾಗಿಯೇ ಗಟ್ಟಿಯಾಗುತ್ತಾ ಬಂತು.

ಹ್ಯಾಚರಿಯಲ್ಲಿ ಇದು ಸಂಪೂರ್ಣ ತಿರುಗುಮುರುಗಾಗುತ್ತದೆ. ಅಲ್ಲಿ ಕಾವು ಕೊಡುವುದು ಸುಮಾರು 37.5 ಡಿಗ್ರಿ ಸೆಲ್ಸಿಯಸ್‌ನಲ್ಲಿ ನಡೆಯುವ ಯಂತ್ರ. ಹೇಂಟೆಯಿಂದ ಬೇಕಾಗಿರುವುದು ಮೊಟ್ಟೆ ಮಾತ್ರ. ಒಂದು ಅಂಕಣದಲ್ಲಿ ನೂರು ಹೇಂಟೆ, ಹತ್ತು ಹನ್ನೆರಡು ಹುಂಜ ಬಿಟ್ಟಿದ್ದಾರೆಂದು ಇಟ್ಟುಕೊಳ್ಳಿ. ಯಾವ ಮೊಟ್ಟೆ ಯಾವ ಹೇಂಟೆಯದು ಎಂದು ಯಾರೂ ಬರೆದಿಡುವುದಿಲ್ಲ; ಎಲ್ಲವೂ ಒಂದೇ ಟ್ರೇಗೆ ಬೀಳುತ್ತವೆ. ವರ್ಷಕ್ಕೆ 200 ಮೊಟ್ಟೆ ಇಡುವ ಹೇಂಟೆಯೊಂದು, 50 ಮೊಟ್ಟೆ ಇಟ್ಟು ಕಾವಿಗೆ ಕೂರಲು ಹವಣಿಸುವ ಇನ್ನೊಂದು ಅದೇ ಅಂಕಣದಲ್ಲಿದ್ದರೆ, ಮೊದಲನೆಯದರ ಮರಿಗಳು ಎರಡನೆಯದರ ಮರಿಗಳಿಗಿಂತ ನಾಲ್ಕು ಪಟ್ಟು ಹೆಚ್ಚು ಹುಟ್ಟುತ್ತವೆ. ಮುಂದಿನ ತಲೆಮಾರಿಗೆ ಮರಿ ಉಳಿಸಿಕೊಳ್ಳುವಾಗ ಹ್ಯಾಚರಿಯವರು ಯಾವ ಆಯ್ಕೆಯನ್ನೂ ಮಾಡದಿದ್ದರೂ, ಮೊಟ್ಟೆಯ ಲೆಕ್ಕವೇ ಅವರ ಪರವಾಗಿ ಆಯ್ಕೆ ಮಾಡಿಬಿಟ್ಟಿರುತ್ತದೆ. ಹತ್ತು ತಲೆಮಾರು ಕಳೆಯುವುದರೊಳಗೆ ಹೆಚ್ಚು ಮೊಟ್ಟೆ ಇಡುವ, ಬೇಗ ಮೊಟ್ಟೆಗೆ ಬರುವ, ಮೈ ಸ್ವಲ್ಪ ಹಗುರಾದ, ಕಾವಿನ ಆಸೆಯಿಲ್ಲದ ಕೋಳಿಗಳೇ ಅಂಕಣವನ್ನು ತುಂಬಿಕೊಳ್ಳುತ್ತವೆ. ಬಣ್ಣವೂ ಹೆಸರೂ ಹಳೆಯ ತಳಿಯದ್ದೇ ಆಗಿರಬಹುದು. ಒಳಗಿನ ಕೋಳಿ ಬೇರೆಯಾಗಿರುತ್ತದೆ. ಇದನ್ನು ಮೋಸವೆಂದು ಕರೆಯಲು ನಾನು ಒಪ್ಪುವುದಿಲ್ಲ. ಮೊಟ್ಟೆಗಾಗಿ ಮರಿ ಕೊಳ್ಳುವವರಿಗೆ ಇದೇ ಉಪಕಾರ. ಆದರೆ ನಿಮಗೆ ಬೇಕಾಗಿದ್ದುದು ಬೇರೆಯ ಕೋಳಿ, ಸಿಕ್ಕಿದ್ದು ಇದು.

ಈ ಭೇದ ಬಹಳ ಸ್ಪಷ್ಟವಾಗಿ ಕಾಣುವುದು ಅಮೆರಿಕದಲ್ಲಿ. ಅಲ್ಲಿನ ಕೋಳಿ ಸಾಕಣೆದಾರರ ಸಂಘ 1873ರಲ್ಲಿ ಹುಟ್ಟಿ, ಮರುವರ್ಷವೇ ಪ್ರತಿಯೊಂದು ತಳಿಯ ಆಕಾರ, ತೂಕ, ಬಣ್ಣ, ಜುಟ್ಟು ಹೇಗಿರಬೇಕು ಎಂಬ ಲಕ್ಷಣಗ್ರಂಥವನ್ನು ಪ್ರಕಟಿಸಿತು. ಇತ್ತ ಒಂದು ದಿನದ ಮರಿಗಳನ್ನು ಅಂಚೆಯಲ್ಲಿ ಕಳುಹಿಸಲು 1918ರಲ್ಲಿ ಅನುಮತಿ ಸಿಕ್ಕಿದ ಮೇಲೆ ಹ್ಯಾಚರಿಗಳು ದೇಶದ ಮೂಲೆಮೂಲೆಗೂ ಮರಿ ಮಾರತೊಡಗಿದವು. (ಮೊಟ್ಟೆಯೊಡೆದು ಬಂದ ಮರಿಯ ಹೊಟ್ಟೆಯಲ್ಲಿ ಉಳಿದಿರುವ ಮೊಟ್ಟೆಯ ಹಳದಿ ಭಾಗ ಅದನ್ನು ಎರಡು ಮೂರು ದಿನ ನೀರು ಮೇವಿಲ್ಲದೆ ಬದುಕಿಸುತ್ತದೆ, ನಿಮ್ಮ ಊರಿಗೆ ಬಸ್ಸಿನ ಮೇಲೆ ಪೆಟ್ಟಿಗೆಯಲ್ಲಿ ಮರಿ ಬರಲು ಸಾಧ್ಯವಾಗಿರುವುದೂ ಅದರಿಂದಲೇ.) ನಮ್ಮ ಹಳ್ಳಿಗಳಲ್ಲೂ ನಾಟಿ ಕೋಳಿಯ ಸುಧಾರಣೆಗೆಂದು ಹಂಚಲಾಗಿದ್ದ ರೋಡ್ ಐಲೆಂಡ್ ರೆಡ್ ತಳಿಯನ್ನೇ ತೆಗೆದುಕೊಳ್ಳಿ. ತಳಿಯನ್ನು ಜತನದಿಂದ ಕಾಪಾಡಿಕೊಂಡು ಬಂದವರ ಬಳಿ ಇರುವ ಕೋಳಿ ಉದ್ದನೆಯ ಇಟ್ಟಿಗೆಯಂಥ ಮೈಯುಳ್ಳದ್ದು. ಅದರ ಬಣ್ಣ ಕಪ್ಪಿಗೆ ತಿರುಗಿದ ಗಾಢ ಕೆಂಪು. ಹ್ಯಾಚರಿಯಿಂದ ಅದೇ ಹೆಸರಿನಲ್ಲಿ ಬರುವ ಕೋಳಿ ಗಾತ್ರದಲ್ಲಿ ಚಿಕ್ಕದು, ಬಣ್ಣ ಇಟ್ಟಿಗೆಪುಡಿಯಂತೆ ತಿಳಿ, ಮೊಟ್ಟೆ ಮಾತ್ರ ಹೆಚ್ಚು. ಪಕ್ಕಪಕ್ಕ ನಿಲ್ಲಿಸಿದರೆ ಒಂದೇ ತಳಿಯೆಂದು ನಂಬುವುದು ಕಷ್ಟ. ಮೊದಲನೆಯದು ನಿಧಾನವಾಗಿ ಬಲಿತು, ಕಡಿಮೆ ಮೊಟ್ಟೆ ಇಡುತ್ತದೆ. ಎರಡನೆಯದು ಬೇಗ ಬೇಗ ಇಟ್ಟು, ವಯಸ್ಸಾದಂತೆ ಮೊಟ್ಟೆ ಚೀಲದ ಕಾಯಿಲೆಗಳಿಗೆ ಹೆಚ್ಚಾಗಿ ಗುರಿಯಾಗುತ್ತದೆ.

ಇನ್ನು ನೀವು ತಂದ ‘ನಾಟಿ ಮರಿ’ಯ ವಿಚಾರ. ಹ್ಯಾಚರಿಯ ಮಾತಿನಲ್ಲಿ ನಾಟಿ ಎಂಬ ಪದಕ್ಕೆ ಒಂದೇ ಅರ್ಥವಿಲ್ಲ ಎಂಬುದನ್ನು ದಯವಿಟ್ಟು ಗಮನಿಸಿ. ಬಣ್ಣದ ಪುಕ್ಕವಿದ್ದು ಬ್ರಾಯ್ಲರ್ ಅಲ್ಲದ ಯಾವ ಕೋಳಿಯನ್ನಾದರೂ ಆ ಹೆಸರಿನಲ್ಲಿ ಮಾರುತ್ತಾರೆ. ಅದರಲ್ಲಿ ಎಲ್ಲಕ್ಕಿಂತ ಗೌರವಾನ್ವಿತವಾದವು ಸರ್ಕಾರಿ ಸಂಶೋಧನಾ ಸಂಸ್ಥೆಗಳು ಹಿತ್ತಿಲ ಸಾಕಣೆಗೆಂದೇ ಅಭಿವೃದ್ಧಿಪಡಿಸಿದ ಸುಧಾರಿತ ಕೋಳಿಗಳು: ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ರೂಪುಗೊಂಡ ಗಿರಿರಾಜ ಮತ್ತು ಸ್ವರ್ಣಧಾರ, ಹೈದರಾಬಾದಿನ ಕೋಳಿ ಸಂಶೋಧನಾ ನಿರ್ದೇಶನಾಲಯದ ವನರಾಜ ಮತ್ತು ಗ್ರಾಮಪ್ರಿಯ. ಗಿರಿರಾಜ ಹೇಂಟೆ ವರ್ಷಕ್ಕೆ ಸುಮಾರು 130ರಿಂದ 150 ಮೊಟ್ಟೆ ಇಡುತ್ತದೆ. ಸ್ವರ್ಣಧಾರ ಅದಕ್ಕಿಂತ ತುಸು ಹೆಚ್ಚು ಇಡುತ್ತದೆ. ಎರಡನೆಯದಾಗಿ, ರೋಡ್ ಐಲೆಂಡ್ ರೆಡ್ ಹುಂಜ ಮತ್ತು ಈಜಿಪ್ಟಿನ ಫಯೂಮಿ ಹೇಂಟೆಯ ಸಂಕರವಾಗಿ ಬಾಂಗ್ಲಾದೇಶದಲ್ಲಿ ರೂಪುಗೊಂಡ ಸೋನಾಲಿಯಂಥ ಕೋಳಿಗಳು. ಮೂರನೆಯದಾಗಿ, ಕಂದು ಮೊಟ್ಟೆ ಇಡುವ ವಾಣಿಜ್ಯ ಲೇಯರ್‌ಗಳು. ಕೊನೆಯದಾಗಿ, ಲೇಯರ್ ಹ್ಯಾಚರಿಗಳಲ್ಲಿ ಯಾರಿಗೂ ಬೇಡವಾದ ಗಂಡು ಮರಿಗಳು. ಜಾತ್ರೆಗಳಲ್ಲಿ ಗುಲಾಬಿ, ಹಸಿರು ಬಣ್ಣ ಅದ್ದಿ ಮಕ್ಕಳಿಗೆ ಮಾರುವ ಮರಿಗಳು ಬಹುತೇಕ ಇವೇ. ಇವುಗಳನ್ನು ನಾಟಿಯೆಂದು ನಂಬಿ ಬುಟ್ಟಿಗಟ್ಟಲೆ ಕೊಂಡು, ತಿಂಗಳುಗಟ್ಟಲೆ ಮೇವು ಹಾಕಿ, ಒಂದು ಮೊಟ್ಟೆಯನ್ನೂ ಕಾಣದೆ ನನ್ನ ಬಳಿ ಬಂದ ಹೆಣ್ಣುಮಕ್ಕಳನ್ನು ನೆನೆದರೆ ಈಗಲೂ ನೋವಾಗುತ್ತದೆ.

ನಿಮ್ಮ 60 ಮರಿಗಳು ಯಾವ ಗುಂಪಿಗೆ ಸೇರಿದವೆಂದು ಇಲ್ಲಿ ಕುಳಿತು ನಾನು ಹೇಳಲಾರೆ. ಆದರೆ ಮೇಲಿನ ಯಾವುದೇ ಗುಂಪಿನವಾದರೂ ಅವು ಕಾವಿಗೆ ಕೂರುವ ಕೋಳಿಗಳಲ್ಲ. ಗಿರಿರಾಜ, ವನರಾಜಗಳಲ್ಲೂ ಆ ಗುಣವನ್ನು ನಿರೀಕ್ಷಿಸಬಾರದು. ಇನ್ನೊಂದು ಮಾತು ಇಲ್ಲೇ ಹೇಳಿಬಿಡಬೇಕು. ಇವು ಬೇರೆಬೇರೆ ಮೂಲ ತಳಿಗಳನ್ನು ಕೂಡಿಸಿ ಪಡೆದ ಸಂಕರ ಕೋಳಿಗಳಾದ್ದರಿಂದ, ನಿಮ್ಮ ಗಿರಿರಾಜ ಹುಂಜಕ್ಕೆ ನಿಮ್ಮದೇ ಗಿರಿರಾಜ ಹೇಂಟೆಯನ್ನು ಕೂಡಿಸಿ ಮರಿ ಮಾಡಿಸಿದರೆ ಆ ಮರಿ ಗಿರಿರಾಜವಾಗಿ ಉಳಿಯುವುದಿಲ್ಲ. ಸಂಕರದಿಂದ ಬಂದಿದ್ದ ಹುರುಪು ಮುಂದಿನ ತಲೆಮಾರಿನಲ್ಲಿ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಒಂದು ದಪ್ಪ, ಒಂದು ಸಣಕಲು, ಒಂದು ಕರಿ, ಒಂದು ಕೆಂಚು ಎಂದು ಗುಣಗಳು ಚೆದುರಿಹೋಗುತ್ತವೆ. ಪ್ರತಿ ಸಲವೂ ಮೂಲ ತಳಿಗಳಿರುವಲ್ಲಿಂದಲೇ ಮರಿ ತರಬೇಕಾಗುತ್ತದೆ. ಹೈಬ್ರಿಡ್ ಮುಸುಕಿನ ಜೋಳದ ಬೀಜವನ್ನು ಮನೆಯಲ್ಲಿ ಎತ್ತಿಟ್ಟು ಮರುವರ್ಷ ಬಿತ್ತದಿರುವುದಕ್ಕೆ ಯಾವ ಕಾರಣವೋ ಇದಕ್ಕೂ ಅದೇ ಕಾರಣ.

ತಳಿಯನ್ನೇ ನಂಬಿಕೊಂಡು ಸಾಕುವವರ ಕೆಲಸ ಬೇರೆ ರೀತಿಯದು. ಅಸೀಲ್ ಎಂದರೆ ಅರಬ್ಬಿ ಮೂಲದಲ್ಲಿ ಅಪ್ಪಟ ಎಂದೇ ಅರ್ಥ. ಒಳ್ಳೆಯ ಅಸೀಲ್ ಸಾಕಣೆದಾರರು ಒಂದು ಹುಂಜಕ್ಕೆ ಎರಡೋ ಮೂರೋ ಹೇಂಟೆಯನ್ನು ಮಾತ್ರ ಬಿಟ್ಟು, ಮೊಟ್ಟೆಯ ಮೇಲೆ ಗುರುತು ಹಾಕಿ, ಮರಿ ಒಡೆದ ದಿನವೇ ಬೆರಳ ನಡುವಿನ ಪೊರೆಗೆ ಸಣ್ಣ ತೂತು ಮಾಡಿ ಅಥವಾ ಕಾಲಿಗೆ ಉಂಗುರ ಹಾಕಿ ಇದು ಯಾರ ಮಗ, ಯಾರ ಮಗಳು ಎಂದು ಬರೆದಿಡುತ್ತಾರೆ. ಇಪ್ಪತ್ತು ಮರಿ ಬೆಳೆಸಿದರೆ ಮುಂದಿನ ತಲೆಮಾರಿಗೆ ಉಳಿಸಿಕೊಳ್ಳುವುದು ಎರಡು ಮೂರನ್ನು ಮಾತ್ರ. ನೆಟ್ಟಗೆ ನಿಲ್ಲುವ ಮೈಕಟ್ಟು, ದಪ್ಪ ಮೂಳೆ, ಮೈಗೆ ಅಂಟಿದಂತಿರುವ ವಿರಳ ಪುಕ್ಕ, ಬಟಾಣಿ ಸಾಲಿನಂಥ ಗಿಡ್ಡ ಜುಟ್ಟು, ಇದ್ದೂ ಇಲ್ಲದಂತಿರುವ ಗದ್ದದ ಜೋಲು, ಇವೆಲ್ಲವನ್ನೂ ಅವರು ಕೈಯಲ್ಲಿ ಹಿಡಿದೇ ನೋಡುತ್ತಾರೆ. ಪೀಲಾ, ಯಾಕೂಬ್, ನೂರಿ, ಕಾಗರ್ ಎಂದು ಬಣ್ಣದ ಮೇಲೆ ಹೆಸರಿರುವ ಬಗೆಗಳನ್ನು ಬೇರೆಬೇರೆಯಾಗಿಯೇ ಕಾಯುತ್ತಾರೆ. ಮೊಟ್ಟೆಯ ಲೆಕ್ಕ ಇಲ್ಲಿ ಹಿಂದಕ್ಕೆ ಸರಿಯುತ್ತದೆ. ಅಸೀಲ್ ಹೇಂಟೆ ಕಡಿಮೆ ಮೊಟ್ಟೆ ಇಡುತ್ತದೆ, ನಿಧಾನವಾಗಿ ಬಲಿಯುತ್ತದೆ. ಆದರೆ ಕಾವಿಗೆ ಕೂರುತ್ತದೆ ಮತ್ತು ಮರಿಗಳನ್ನು ಕಾಯುವುದರಲ್ಲಿ ಅದರಷ್ಟು ಧೈರ್ಯದ ತಾಯಿಯನ್ನು ನಾನು ಬೇರೆ ತಳಿಯಲ್ಲಿ ಕಂಡಿಲ್ಲ. ಹದ್ದಿನ ನೆರಳು ಅಂಗಳದ ಮೇಲೆ ಹಾಯ್ದರೆ ಸಾಕು, ಅದು ಒಂದು ಬಗೆಯ ಕೂಗು ಹಾಕುತ್ತದೆ, ಮರಿಗಳು ರೆಕ್ಕೆಯ ಕೆಳಗೆ ಸೇರಿಕೊಳ್ಳುತ್ತವೆ. ಬ್ರೂಡರಿನ (ಮರಿಗಳಿಗೆ ಶಾಖ ಕೊಡುವ ಗೂಡಿನ) ಬಲ್ಬಿನ ಕೆಳಗೆ ಬೆಳೆದ ಮರಿಗೆ ಮೇವು ಕುಕ್ಕುವುದನ್ನು ಯಾರೂ ಕಲಿಸಬೇಕಾಗಿಲ್ಲ. ಆದರೆ ಅಪಾಯದ ಕೂಗು ಹಾಕಿ ಕರೆಯುವ ತಾಯಿ ಅದಕ್ಕಿರುವುದಿಲ್ಲ. ತೆರೆದ ತೋಟದಲ್ಲಿ ಹದ್ದು, ಮುಂಗುಸಿಗಳಿಗೆ ಹ್ಯಾಚರಿ ಮರಿಗಳು ಹೆಚ್ಚಾಗಿ ಬಲಿಯಾಗುವುದಕ್ಕೆ ಇದೂ ಒಂದು ಕಾರಣ.

ಹತ್ತು ಪಟ್ಟು ಬೆಲೆಯ ಲೆಕ್ಕವೂ ಇಲ್ಲೇ ಇದೆ. ಹ್ಯಾಚರಿಯ ಒಂದು ಹೇಂಟೆ ವರ್ಷಕ್ಕೆ ನೂರಕ್ಕಿಂತ ಹೆಚ್ಚು ಮರಿಗಳಿಗೆ ತಾಯಿಯಾಗುತ್ತದೆ. ಅಸೀಲ್ ಹೇಂಟೆಯಿಂದ ಅದರ ಕಾಲು ಭಾಗ ಮರಿ ಸಿಕ್ಕಿದರೂ ಪುಣ್ಯ. ಅವುಗಳನ್ನು ತಿಂಗಳುಗಳ ಕಾಲ ಬೆಳೆಸಿ, ಗುಣ ನೋಡಿ, ಬಹುಪಾಲನ್ನು ಬೇಡವೆಂದು ಬೇರ್ಪಡಿಸುವ ಖರ್ಚು ಉಳಿದ ಕೆಲವು ಮರಿಗಳ ಮೇಲೆ ಬೀಳುತ್ತದೆ. ಕೋಲಾರದವರು ಕೇಳಿದ ಬೆಲೆ ನ್ಯಾಯವೋ ಅಲ್ಲವೋ ಎಂಬುದು ಅವರು ಈ ಕೆಲಸವನ್ನು ನಿಜವಾಗಿ ಮಾಡುತ್ತಿದ್ದಾರೆಯೇ ಎಂಬುದರ ಮೇಲೆ ನಿಂತಿದೆ.

ಏಕೆಂದರೆ ತಳಿ ಸಾಕಣೆದಾರರಲ್ಲೂ ದೋಷಗಳಿವೆ. ಅವನ್ನು ಮುಚ್ಚಿಟ್ಟು ನಿಮಗೆ ಸಲಹೆ ಕೊಡುವುದು ಸರಿಯಲ್ಲ. ಮೊದಲನೆಯದು, ರಕ್ತ ತೀರಾ ಹತ್ತಿರವಾಗುವುದು. ಒಂದೇ ಹುಂಜ, ಹತ್ತು ಹೇಂಟೆ ಇಟ್ಟುಕೊಂಡು ಹೊರಗಿನ ಕೋಳಿ ಸೇರಿಸದೆ ಮರಿ ಮಾಡಿಸುತ್ತಾ ಹೋದರೆ, ಪ್ರತಿ ತಲೆಮಾರಿಗೆ ಒಳಸಂಬಂಧದ ಪ್ರಮಾಣ ಶೇಕಡ 14ರ ಹತ್ತಿರ ಏರುತ್ತದೆ. ಐದು ಹುಂಜ, ಐವತ್ತು ಹೇಂಟೆ ಇದ್ದರೆ ಅದೇ ಏರಿಕೆ ಶೇಕಡ 3ಕ್ಕಿಂತ ಕಡಿಮೆ. ಲೆಕ್ಕದಲ್ಲಿ ಹೇಂಟೆಗಳ ಸಂಖ್ಯೆಗಿಂತ ಹುಂಜಗಳ ಸಂಖ್ಯೆಯೇ ಮುಖ್ಯ ಎಂಬುದನ್ನು ಬಹಳಷ್ಟು ಜನ ಗಮನಿಸುವುದಿಲ್ಲ. ರಕ್ತ ಹತ್ತಿರವಾದಾಗ ಮೊದಲು ಕಾಣುವುದು ಮೊಟ್ಟೆಯಲ್ಲಿ ಕೂಸು ಕಟ್ಟದಿರುವುದು. ಆಮೇಲೆ ಕಟ್ಟಿದ ಕೂಸು ಒಡೆಯುವ ಮುನ್ನವೇ ಸಾಯುವುದು, ಬೆರಳು ಸೊಟ್ಟಗಾಗುವುದು, ಮರಿಗಳು ನಿಶ್ಶಕ್ತವಾಗುವುದು. ನೋಡಲು ರಾಜಗಾಂಭೀರ್ಯದ ಹುಂಜ, ಆದರೆ ಹತ್ತು ಮೊಟ್ಟೆ ಇಟ್ಟರೆ ಮೂರು ಮರಿ, ಇಂಥ ಗುಂಪುಗಳನ್ನು ನಾನು ಕಂಡಿದ್ದೇನೆ.

ಎರಡನೆಯದು ಕೋಳಿ ಅಂಕದ, ಅಂದರೆ ಕೋಳಿ ಕಾಳಗದ ವಿಚಾರ. ಅಸೀಲನ್ನು ಶತಮಾನಗಳ ಕಾಲ ಕಾಪಾಡಿಕೊಂಡು ಬಂದದ್ದು ಬಹುಮಟ್ಟಿಗೆ ಕಾಳಗದ ಆಸಕ್ತಿಯೇ ಎಂಬುದು ಇತಿಹಾಸ. ನಮ್ಮ ಕರಾವಳಿಯ ಕೋಳಿ ಅಂಕವನ್ನು ಬಲ್ಲವರಿಗೆ ಇದು ಹೊಸ ಸಂಗತಿಯಲ್ಲ. ಆದರೆ ಪ್ರಾಣಿಗಳನ್ನು ಕಾದಾಟಕ್ಕೆ ಬಿಡುವುದು 1960ರ ಪ್ರಾಣಿಹಿಂಸೆ ತಡೆ ಕಾಯಿದೆಯಂತೆ ಅಪರಾಧ. ಕಾದಾಟದ ಸಿಟ್ಟನ್ನೇ ನೋಡಿ ಆರಿಸಿದ ವಂಶದ ಹುಂಜಗಳನ್ನು ಎರಡು ಎಕರೆ ತೋಟದಲ್ಲಿ ಒಟ್ಟಿಗೆ ಬಿಟ್ಟರೆ ಅವು ಒಂದನ್ನೊಂದು ಕೊಲ್ಲುತ್ತವೆ. ಅದೇ ತಳಿಯಲ್ಲಿ ಮಾಂಸಕ್ಕಾಗಿ, ತಾಯ್ತನಕ್ಕಾಗಿ, ಸೌಮ್ಯ ಸ್ವಭಾವಕ್ಕಾಗಿ ಆರಿಸಿದ ವಂಶಗಳೂ ಇವೆ. ಕೊಳ್ಳುವ ಮೊದಲು ಯಾವುದಕ್ಕಾಗಿ ಸಾಕುತ್ತಿದ್ದಾರೆಂದು ನೇರವಾಗಿ ಕೇಳಿ.

ಮೂರನೆಯದು, ಅಪ್ಪಟತನದ ಸುಳ್ಳು. ಕಡಕ್‌ನಾಥ್‌ನಲ್ಲಿ ಇದು ವಿಪರೀತ. ಮಧ್ಯಪ್ರದೇಶದ ಝಾಬುವಾ, ಧಾರ್ ಪ್ರದೇಶದ ಈ ತಳಿಯ ಮಾಂಸಕ್ಕೆ 2018ರಲ್ಲಿ ಝಾಬುವಾದ ಹೆಸರಿನಲ್ಲಿ ಭೌಗೋಳಿಕ ಗುರುತು ಸಿಕ್ಕಿದ ಮೇಲೆ ದೇಶದ ತುಂಬ ಕಪ್ಪು ಪುಕ್ಕದ ಕೋಳಿಗಳೆಲ್ಲ ಕಡಕ್‌ನಾಥ್ ಆಗಿಬಿಟ್ಟವು. ಅಪ್ಪಟ ಕೋಳಿಯಲ್ಲಿ ಪುಕ್ಕವಷ್ಟೇ ಅಲ್ಲ, ಜುಟ್ಟು, ಬಾಯಿಯ ಒಳಭಾಗ, ನಾಲಗೆ, ಚರ್ಮ, ಮೂಳೆಯ ಮೇಲಿನ ಪೊರೆ ಎಲ್ಲದರಲ್ಲೂ ಕಪ್ಪಿನ ಛಾಯೆ ಇರುತ್ತದೆ. ಜುಟ್ಟು ಕೆಂಪಾಗಿ, ಬಾಯಿ ತೆರೆದರೆ ಒಳಗೆ ಬಿಳಿಚಿಕೊಂಡಿದ್ದರೆ ಅದು ಮಿಶ್ರ ರಕ್ತದ ಕೋಳಿ. ಕಪ್ಪು ಮೊಟ್ಟೆಯೆಂದು ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬನ್ನಿ. ಕಡಕ್‌ನಾಥ್ ಮೊಟ್ಟೆ ಕೆನೆ ಬಣ್ಣದ್ದು ಅಥವಾ ತಿಳಿ ಕಂದು. ನಿಮ್ಮ ಉದ್ದೇಶಕ್ಕೆ ಈ ತಳಿಯನ್ನು ನಾನು ಸೂಚಿಸುವುದೂ ಇಲ್ಲ, ಅದರ ಹೇಂಟೆಗಳಲ್ಲಿ ಕಾವಿನ ಗುಣ ಕಡಿಮೆ.

ಈಗ ಆರೋಗ್ಯದ ವಿಚಾರ. ಹೆಚ್ಚಿನವರು ಇದನ್ನು ಕಡೆಗಣಿಸಿ ಕೈಸುಟ್ಟುಕೊಳ್ಳುತ್ತಾರೆ. ಇಲ್ಲಿ ಒಳ್ಳೆಯ ಹ್ಯಾಚರಿಯ ಪಾಲು ದೊಡ್ಡದು. ಮಾರೆಕ್ಸ್ ಎಂಬ ರೋಗವಿದೆ. ಹರೆಯದ ಕೋಳಿ ಒಂದು ಕಾಲನ್ನು ಮುಂದಕ್ಕೂ ಇನ್ನೊಂದನ್ನು ಹಿಂದಕ್ಕೂ ಚಾಚಿ ಬಿದ್ದುಕೊಳ್ಳುತ್ತದೆ, ದಿನದಿನಕ್ಕೆ ಸೊರಗಿ ಸಾಯುತ್ತದೆ. ಚಿಕಿತ್ಸೆಯಿಲ್ಲ. ಇದರ ವೈರಾಣು ಪುಕ್ಕದ ಬುಡದ ಹೊಟ್ಟಿನಲ್ಲಿ ಸೇರಿ, ಕೊಟ್ಟಿಗೆಯ ಧೂಳಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಮೊಟ್ಟೆಯ ಮೂಲಕ ಮರಿಗೆ ದಾಟುವುದಿಲ್ಲ. ಹಾಗಾಗಿ ಯಂತ್ರದಿಂದ ಆಗತಾನೆ ಹೊರಬಂದ ಮರಿ ಶುದ್ಧವಾಗಿರುತ್ತದೆ. ಅದೇ ದಿನ ಹ್ಯಾಚರಿಯಲ್ಲಿ ಲಸಿಕೆ ಹಾಕಿದರೆ ರಕ್ಷಣೆ ಸಿಗುತ್ತದೆ. ಮನೆಯಲ್ಲಿ ಹೇಂಟೆಯ ಕೆಳಗೆ ಒಡೆದ ಹತ್ತು ಮರಿಗೆ ಇದನ್ನು ಹಾಕುವುದು ಕಷ್ಟ. ಲಸಿಕೆ ಬರುವುದು ಸಾಮಾನ್ಯವಾಗಿ ಸಾವಿರ ಮರಿಗಳ ಅಳತೆಯಲ್ಲಿ, ಕಲಸಿದ ಮೇಲೆ ಗಂಟೆಯೆರಡು ಗಂಟೆಯೊಳಗೆ ಮುಗಿಸಬೇಕು. ಒಮ್ಮೆ ಒಬ್ಬ ಅಸೀಲ್ ಸಾಕಣೆದಾರರು ಹತ್ತು ವರ್ಷ ಶ್ರಮಪಟ್ಟು ಕಟ್ಟಿದ ವಂಶದಲ್ಲಿ ಒಂದೇ ಹಂಗಾಮಿನ ಎಳೆಯ ಕೋಳಿಗಳೆಲ್ಲ ಹೀಗೆ ಕಾಲು ಚಾಚಿ ಮಲಗಿದ್ದನ್ನು ಅವರ ಅಂಗಳದಲ್ಲಿ ನಿಂತು ನೋಡಿದ್ದೇನೆ. ಹೊರಗಿನಿಂದ ತಂದ ಒಂದು ಹುಂಜವನ್ನು ಪ್ರತ್ಯೇಕ ಇಡದೆ ನೇರವಾಗಿ ಗುಂಪಿಗೆ ಬಿಟ್ಟಿದ್ದರು ಎಂಬುದು ಆಮೇಲೆ ತಿಳಿಯಿತು. ಆ ದಿನ ಅವರಿಗೆ ಹೇಳಲು ನನ್ನ ಬಳಿ ಯಾವ ಔಷಧಿಯೂ ಇರಲಿಲ್ಲ.

ಬಿಳಿ ಭೇದಿಯ ಮಾತು ಬೇರೆ. ಸಾಲ್ಮೊನೆಲ್ಲಾ ಪುಲ್ಲೋರಂ ಎಂಬ ಸೂಕ್ಷ್ಮಾಣು ತಾಯಿಯ ಅಂಡಾಶಯದಲ್ಲಿ ಸದ್ದಿಲ್ಲದೆ ಉಳಿದು ಮೊಟ್ಟೆಯ ಮೂಲಕವೇ ಮರಿಗೆ ದಾಟುತ್ತದೆ. ಮೊದಲ ಎರಡು ವಾರದಲ್ಲಿ ಮರಿಗಳು ಸಾಲುಸಾಲಾಗಿ ಸಾಯುತ್ತವೆ, ಉಳಿದವು ಹೊತ್ತುಕೊಂಡೇ ಬೆಳೆಯುತ್ತವೆ. ಉಸಿರಾಟದ ತೊಂದರೆ ತರುವ ಮೈಕೊಪ್ಲಾಸ್ಮಾ ಕೂಡ ಹೀಗೆಯೇ ತಾಯಿಯಿಂದ ಬರುತ್ತದೆ. ಇವಕ್ಕೆ ಮದ್ದು ಎಂದರೆ ಮರಿ ಮಾಡಿಸುವ ಹೇಂಟೆಗಳ ರಕ್ತವನ್ನು ಪರೀಕ್ಷಿಸಿ ರೋಗವಾಹಕಗಳನ್ನು ಗುಂಪಿನಿಂದ ತೆಗೆಯುವುದೇ. ಬಿಳಿ ಭೇದಿಗೆ ಒಂದು ತೊಟ್ಟು ರಕ್ತವನ್ನು ಬಣ್ಣದ ಆಂಟಿಜೆನ್ ದ್ರವದ ಜೊತೆ ಕಲಸಿದರೆ ನಿಮಿಷದೊಳಗೆ ಫಲಿತಾಂಶ ಕಾಣುತ್ತದೆ. ಕಟ್ಟುನಿಟ್ಟಾದ ಹ್ಯಾಚರಿಗಳು ಇದನ್ನು ಮಾಡುತ್ತವೆ, ಮಾಡದಿರುವ ಹ್ಯಾಚರಿಗಳೂ ಇವೆ. ತಳಿ ಸಾಕಣೆದಾರರಲ್ಲಿ ಮಾಡಿಸುವವರು ಬಹಳ ಕಡಿಮೆ. ಹತ್ತಾರು ಊರಿನ ಮೊಟ್ಟೆಗಳನ್ನು ಕೊಂಡು ತಂದು ಒಂದೇ ಯಂತ್ರದಲ್ಲಿ ಮರಿ ಮಾಡಿಸಿ ಮಾರುವ ಸಣ್ಣ ಘಟಕಗಳ ಮರಿಗಳನ್ನು ಮಾತ್ರ ತರಲೇಬೇಡಿ. ಅಲ್ಲಿ ಹ್ಯಾಚರಿಯ ಶಿಸ್ತೂ ಇಲ್ಲ, ಸಾಕಣೆದಾರರ ದಾಖಲೆಯೂ ಇಲ್ಲ.

ಕೊಕ್ಕರೆ ರೋಗದ (ರಾಣಿಖೇತ್‌ನ) ಲಸಿಕೆ ಮಾತ್ರ ಮರಿ ಎಲ್ಲಿಂದಲೇ ಬಂದಿರಲಿ ನಿಮ್ಮ ಜವಾಬ್ದಾರಿ. ಐದರಿಂದ ಏಳನೇ ದಿನದೊಳಗೆ ಲಾಸೋಟಾ ಅಥವಾ ಎಫ್ ಲಸಿಕೆಯ ಒಂದು ಹನಿ ಕಣ್ಣಿಗೆ, 14ನೇ ದಿನದ ಸುಮಾರಿಗೆ ಗುಂಬೊರೊ ಎಂಬ ಇನ್ನೊಂದು ರೋಗದ ಲಸಿಕೆ, 28ನೇ ದಿನಕ್ಕೆ ಮತ್ತೆ ಲಾಸೋಟಾ, ಆರನೇ ವಾರದಲ್ಲಿ ಸಿಡುಬಿನ ಲಸಿಕೆ, ಎಂಟನೇ ವಾರದಲ್ಲಿ ಕೊಕ್ಕರೆ ರೋಗಕ್ಕೇ ಇನ್ನೊಂದು ಲಸಿಕೆಯಾದ ಆರ್‌ಟುಬಿ. ‘ನಾಟಿಗೆ ರೋಗ ಬರುವುದಿಲ್ಲ’ ಎಂಬ ಮಾತನ್ನು ಹ್ಯಾಚರಿ ಏಜೆಂಟರೂ ಹೇಳುತ್ತಾರೆ, ತಳಿ ಸಾಕಣೆದಾರರೂ ಹೇಳುತ್ತಾರೆ. ಕೊಕ್ಕರೆ ರೋಗಕ್ಕೆ ಅದೊಂದು ತಿಳಿಯದು. ಬೇಸಿಗೆಯಲ್ಲಿ ಊರಿಗೆ ಊರೇ ಕೋಳಿ ಖಾಲಿಯಾಗುವುದನ್ನು ನೀವೂ ನೋಡಿಯೇ ಇರುತ್ತೀರಿ. ಲಸಿಕೆಗೆ ಹತ್ತಿರದ ಪಶು ಆಸ್ಪತ್ರೆಯಲ್ಲಿ ವಿಚಾರಿಸಿ, ಮಂಜುಗಡ್ಡೆಯ ಜೊತೆ ಫ್ಲಾಸ್ಕಿನಲ್ಲಿಯೇ ತನ್ನಿ.

ಇಷ್ಟನ್ನು ಮುಂದಿಟ್ಟುಕೊಂಡು ನಿಮ್ಮ ತೋಟಕ್ಕೆ ಬರುತ್ತೇನೆ. ನಿಮ್ಮ ಪತ್ರದಿಂದ ನನಗೆ ತಿಳಿದದ್ದೇನೆಂದರೆ, ಪ್ರತಿ ವರ್ಷ ಮರಿ ಕೊಳ್ಳದೆ ತೋಟದಲ್ಲೇ ತಾನಾಗಿ ಬೆಳೆಯುವ ಗುಂಪು ನಿಮಗೆ ಬೇಕು. ಹಾಗಿದ್ದರೆ ಪೂರ್ತಿ ಹ್ಯಾಚರಿಯನ್ನೂ ನಂಬಬೇಡಿ, ಐವತ್ತು ಅಸೀಲ್ ಮರಿಗೂ ಹಣ ಸುರಿಯಬೇಡಿ. ಕಾವಿಗೆ ಕೂರುವ ಹೇಂಟೆ ನಿಮ್ಮ ಸುತ್ತಲಿನ ಹಳ್ಳಿಗಳಲ್ಲೇ ಇದೆ. ಮೂರು ನಾಲ್ಕು ಊರುಗಳಲ್ಲಿ, ಎರಡು ಮೂರು ಸರದಿ ಮರಿ ಎಬ್ಬಿಸಿದ ಹತ್ತು ಹನ್ನೆರಡು ನಾಟಿ ಹೇಂಟೆಗಳನ್ನು ಹುಡುಕಿ ಕೊಳ್ಳಿ. ಮಾರುವ ಮನೆಯ ಹೆಂಗಸರನ್ನೇ ಕೇಳಿ, ಅವರಿಗೆ ಒಂದೊಂದು ಹೇಂಟೆಯ ಚರಿತ್ರೆಯೂ ಗೊತ್ತಿರುತ್ತದೆ. ನಮ್ಮ ಕೋಲಾರ ಮತ್ತು ಪಕ್ಕದ ಚಿತ್ತೂರು ಸೀಮೆಯ ಘಾಗಸ್ ತಳಿ ರಾಷ್ಟ್ರೀಯ ಪಟ್ಟಿಯಲ್ಲಿ ನೋಂದಣಿಯಾಗಿರುವ ದೇಶಿ ತಳಿ. ಅಸೀಲ್ ನೋಡಲು ಆ ಕಡೆ ಹೋದಾಗ ಅದರ ಬಗ್ಗೆಯೂ ವಿಚಾರಿಸಿ. ಮನೆ ಬಾಗಿಲಲ್ಲಿರುವ ತಳಿಯನ್ನು ನಮ್ಮವರೇ ಮರೆತಿದ್ದಾರೆಂಬುದು ನನ್ನ ಬಹುಕಾಲದ ಕೊರಗು. ಅಸೀಲ್ ಸಾಕಣೆದಾರರಿಂದ ನೀವು ತರಬೇಕಾದದ್ದು ಮೂರು ಹುಂಜಗಳನ್ನು ಮಾತ್ರ, ಅವೂ ಒಂದೇ ತಾಯಿಯ ಮಕ್ಕಳಾಗಿರಬಾರದು.

ಅಲ್ಲಿ ಹೋದಾಗ ಮರಿಯನ್ನಲ್ಲ, ಅದರ ತಂದೆತಾಯಿಯನ್ನು ತೋರಿಸಿ ಎಂದು ಕೇಳಿ. ನೂಲಿನಂತೆ ಸೀರೆ, ತಾಯಿಯಂತೆ ಮಗಳು ಎಂಬ ಮಾತು ಕೋಳಿಗೆ ಅಕ್ಷರಶಃ ಸಲ್ಲುತ್ತದೆ. ಎಷ್ಟು ಹುಂಜ ಇಟ್ಟಿದ್ದೀರಿ, ಹೊಸ ರಕ್ತ ಯಾವಾಗ ಸೇರಿಸಿದಿರಿ, ಹೋದ ಸಲ ಕಾವಿಗಿಟ್ಟ ಮೊಟ್ಟೆಗಳಲ್ಲಿ ಎಷ್ಟು ಒಡೆದವು, ಯಾವ ಕೋಳಿಗಳನ್ನು ಬೇಡವೆಂದು ತೆಗೆದಿರಿ, ಏಕೆ ತೆಗೆದಿರಿ ಎಂದು ವಿಚಾರಿಸಿ. ಕೊನೆಯ ಪ್ರಶ್ನೆಗೆ ತಡವರಿಸದೆ ಉತ್ತರ ಕೊಡುವವರು ನಿಜವಾದ ಸಾಕಣೆದಾರರು. ತಮ್ಮ ಗುಂಪಿನಲ್ಲಿ ದೋಷವೇ ಇಲ್ಲವೆನ್ನುವವರ ಬಳಿ ಹತ್ತು ಪಟ್ಟು ಬೆಲೆ ಕೊಡಬೇಡಿ.

ಮೊಟ್ಟೆಯ ಆದಾಯವೂ ಬೇಕಿದ್ದರೆ ಒಳ್ಳೆಯ ಹ್ಯಾಚರಿಯಿಂದ, ಸಾಧ್ಯವಾದರೆ ವಿಶ್ವವಿದ್ಯಾಲಯದ ಅಥವಾ ಸರ್ಕಾರಿ ಕೇಂದ್ರದಿಂದ, ಇಪ್ಪತ್ತು ಮೂವತ್ತು ಸ್ವರ್ಣಧಾರ ಅಥವಾ ಗ್ರಾಮಪ್ರಿಯ ಮರಿಗಳನ್ನು ಹೆಸರು ಬರೆದ ರಸೀದಿಯೊಂದಿಗೆ ತನ್ನಿ. ಮಾರೆಕ್ಸ್ ಲಸಿಕೆ ಹಾಕಿರುವುದು ಅದರಲ್ಲಿ ನಮೂದಾಗಿರಲಿ. ಪೆಟ್ಟಿಗೆಯಿಂದ ತೆಗೆದ ಕೂಡಲೇ ಬೆಲ್ಲದ ನೀರನ್ನು ಕುಡಿಸಿ ಆಮೇಲೆ ಮೇವು ಕೊಡಿ. ಮೊದಲ ವಾರ ಬ್ರೂಡರಿನಲ್ಲಿ 35 ಡಿಗ್ರಿ ಶಾಖವಿದ್ದು, ವಾರಕ್ಕೆ ಮೂರು ಡಿಗ್ರಿಯಂತೆ ಇಳಿಯಲಿ. ಆರು ವಾರ ತುಂಬುವವರೆಗೆ ಅವುಗಳನ್ನು ತೋಟಕ್ಕೆ ಬಿಡಬೇಡಿ, ದೊಡ್ಡ ಕೋಳಿಗಳ ಕೊಟ್ಟಿಗೆಯ ಗಾಳಿಯೂ ತಾಕದಷ್ಟು ದೂರವಿಡಿ. ಹಳ್ಳಿಯ ಹೇಂಟೆಗಳನ್ನೂ ಅಸೀಲ್ ಹುಂಜಗಳನ್ನೂ ಹೀಗೆಯೇ ಒಂದು ತಿಂಗಳು ಬೇರೆಬೇರೆ ಕಡೆ ಇಟ್ಟು, ಅವುಗಳಿಗೆ ಮೇವು ಹಾಕುವ ಕೆಲಸವನ್ನು ದಿನದ ಕೊನೆಗೆ ಇಟ್ಟುಕೊಳ್ಳಿ.

ಆಮೇಲೆ ಹೇಂಟೆಗಳನ್ನು ಮೂರು ಗೂಡಿಗೆ ಹಂಚಿ, ಒಂದೊಂದಕ್ಕೆ ಒಂದೊಂದು ಹುಂಜ ಬಿಡಿ. ಹುಟ್ಟಿದ ಹೆಣ್ಣುಮರಿಗಳು ಹುಟ್ಟಿದ ಗೂಡಿನಲ್ಲೇ ಉಳಿಯಲಿ. ಮೊದಲ ಗೂಡಿನ ಒಳ್ಳೆಯ ಹುಂಜ ಎರಡನೆಯದಕ್ಕೆ, ಎರಡನೆಯದರದು ಮೂರಕ್ಕೆ, ಮೂರರದು ಮೊದಲನೆಯದಕ್ಕೆ ಹೋಗಲಿ. ಹೀಗೆ ಸುತ್ತು ಹಾಕುತ್ತಿದ್ದರೆ ಹಲವು ವರ್ಷ ಹೊರಗಿನ ರಕ್ತವಿಲ್ಲದೆಯೂ ಗುಂಪು ಕೆಡುವುದಿಲ್ಲ. ಸ್ವರ್ಣಧಾರ ಹೇಂಟೆಗಳನ್ನು ಈ ಗೂಡುಗಳಿಗೆ ಬೆರೆಸದೆ ಬೇರೆಯಾಗಿಯೇ ಇಟ್ಟು, ಅವುಗಳ ಮೊಟ್ಟೆಯನ್ನು ಮಾರಾಟಕ್ಕೆ ಮಾತ್ರ ಬಳಸಿ. ಮುಂದಿನ ಚಳಿಗಾಲಕ್ಕೆ ಮೊದಲ ಹೇಂಟೆ ಕಾವಿಗೆ ಕೂತಾಗ ಅದರ ಕೆಳಗೆ ಹನ್ನೊಂದು ಮೊಟ್ಟೆ ಇಡಿ, ಏಳನೇ ರಾತ್ರಿ ಟಾರ್ಚಿನ ಬೆಳಕಿಗೆ ಹಿಡಿದು ಕೂಸು ಕಟ್ಟದವನ್ನು ತೆಗೆಯಿರಿ, ಎಷ್ಟು ಒಡೆದವೆಂದು ಒಂದು ಪುಸ್ತಕದಲ್ಲಿ ಗೂಡಿನ ಸಂಖ್ಯೆಯ ಮುಂದೆ ಬರೆದಿಡಿ. ಎರಡು ಹಂಗಾಮಿನ ಆ ಲೆಕ್ಕ ಕೈಯಲ್ಲಿದ್ದರೆ ಯಾವ ಹುಂಜವನ್ನು ಉಳಿಸಬೇಕು, ಯಾವುದನ್ನು ಮಾರಬೇಕು ಎಂಬುದಕ್ಕೆ ನನಗೆ ಮತ್ತೆ ಬರೆಯುವ ಅಗತ್ಯ ನಿಮಗೆ ಬರುವುದಿಲ್ಲ.